ಮುಚ್ಚಳ ಬಿರಿದ ಕಣಿವೆ: ಮೆಕ್ಸಿಕೋ ಜಲಾನಯನದ ಅಂತರ್ಜಲ ಕುರಿತು ಒಂದು ಪ್ರಕರಣ ಅಧ್ಯಯನ

ಮೆಕ್ಸಿಕೋ ನಗರದ ಹಳೆಯ ಭಾಗದಲ್ಲಿ ಕೆಲವು ಮೀಟರ್ ಆಳದಿಂದ ಹೊರತೆಗೆದ ಜೇಡಿಯ ಉಂಡೆಯೊಂದನ್ನು ಅಂಗೈಯಲ್ಲಿಟ್ಟು ನೋಡಿದರೆ, ಅದನ್ನು ನೀರು ಹಿಡಿದ ಮಣ್ಣು ಎನ್ನುವುದಕ್ಕಿಂತ ಮಣ್ಣಿನ ಆಕಾರ ತಾಳಿದ ನೀರು ಎನ್ನುವುದೇ ಹೆಚ್ಚು ಸರಿಯೆನಿಸುತ್ತದೆ. ಒಣ ಮಣ್ಣಿನ ತೂಕ 1 ಕಿಲೋ ಇದ್ದರೆ ಅದರೊಳಗೆ ಅಡಗಿರುವ ನೀರಿನ ತೂಕ ಎಷ್ಟೋ ಕಡೆ 3ರಿಂದ 4 ಕಿಲೋ ಇರುತ್ತದೆ. ಜ್ವಾಲಾಮುಖಿಗಳು ಉಗುಳಿದ ಬೂದಿ ಮತ್ತು ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳ ಚಿಪ್ಪು ಸಾವಿರಾರು ವರ್ಷಗಳ ಕಾಲ ಸರೋವರದ ತಳಕ್ಕಿಳಿದು ಕೂಡಿಕೊಂಡು ಆದ ಜೇಡಿ ಇದು. ಬೆರಳಿನಿಂದ ಅದುಮಿದರೆ ಬೆಣ್ಣೆಯಂತೆ ಒಳಸರಿಯುತ್ತದೆ. ಒಣಗಲು ಬಿಟ್ಟರೆ ಕುಗ್ಗಿ ಕುಗ್ಗಿ ಮೊದಲಿನ ಗಾತ್ರದ ಸಣ್ಣದೊಂದು ಪಾಲಿಗೆ ಇಳಿದು ಕಲ್ಲಿನಂತಾಗುತ್ತದೆ. ಅದನ್ನು ಮತ್ತೆ ನೀರಿನಲ್ಲಿ ನೆನೆಹಾಕಿದರೂ ಹಳೆಯ ಗಾತ್ರ ಮರಳುವುದಿಲ್ಲ.

ಎರಡು ಕೋಟಿಗೂ ಹೆಚ್ಚು ಜನ ಈ ಜೇಡಿಯ ಮೇಲೆ ಮತ್ತು ಅದರ ಅಂಚಿನ ಗುಡ್ಡಗಳಲ್ಲಿ ನೆಲೆಸಿದ್ದಾರೆ. ಅವರು ಕುಡಿಯುವ ನೀರಿನ ಸುಮಾರು ಮೂರನೇ ಎರಡು ಪಾಲು ಅದೇ ಜೇಡಿಯ ಕೆಳಗಿನಿಂದ ಬರುತ್ತದೆ. ಅಂತರ್ಜಲದ ಚರ್ಚೆಯಲ್ಲಿ ‘ಎಷ್ಟು ನೀರು ಉಳಿದಿದೆ’ ಎಂಬ ಲೆಕ್ಕವನ್ನು ಒಬ್ಬರು, ‘ನೀರು ಎಷ್ಟು ಶುದ್ಧ’ ಎಂಬ ಲೆಕ್ಕವನ್ನು ಇನ್ನೊಬ್ಬರು ಇಡುವುದು ರೂಢಿ. ಈ ಪ್ರಕರಣದಲ್ಲಿ ಆ ಎರಡು ಲೆಕ್ಕಗಳನ್ನು ಬೇರ್ಪಡಿಸಲು ಸಾಧ್ಯವೇ ಇಲ್ಲವೆಂಬುದು ನನ್ನ ವಾದ. ಇಲ್ಲಿ ನೀರನ್ನು ಎತ್ತುವ ಕ್ರಿಯೆಯೇ ನೀರನ್ನು ಕಾಯುತ್ತಿದ್ದ ಜೇಡಿಯ ಮುಚ್ಚಳವನ್ನು ಸೀಳುತ್ತಿದೆ.

ಹೊರದಾರಿಯಿಲ್ಲದ ಬೋಗುಣಿ

ಮೆಕ್ಸಿಕೋ ಜಲಾನಯನದ ವಿಸ್ತೀರ್ಣ ಸುಮಾರು 9,600 ಚದರ ಕಿಲೋಮೀಟರ್. ಅದರ ತಳವೇ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಪೂರ್ವಕ್ಕೆ ಪೊಪೊಕಟೆಪೆಟ್ಲ್ ಮತ್ತು ಇಸ್ತಕ್ಸಿಹುವಾಟ್ಲ್ ಎಂಬ 5,000 ಮೀಟರ್ ಮೀರಿದ ಶಿಖರಗಳು, ಪಶ್ಚಿಮಕ್ಕೆ ಲಾಸ್ ಕ್ರೂಸೆಸ್ ಶ್ರೇಣಿ, ದಕ್ಷಿಣಕ್ಕೆ ಚಿಚಿನಾವ್‌ಟ್ಸಿನ್ ಎಂಬ ಎಳೆಯ ಜ್ವಾಲಾಮುಖಿ ಸಾಲು ಇವೆ. ಹೀಗೆ ಸುತ್ತ ಬೆಟ್ಟ ಕಟ್ಟಿಕೊಂಡ ಈ ಬೋಗುಣಿಯಿಂದ ಹೊರಗೆ ಹರಿಯುವ ಸಹಜ ನದಿ ಒಂದೂ ಇಲ್ಲ. ಮಳೆಯ ನೀರು ತಳದಲ್ಲಿ ನಿಂತು ಸುಂಪಾಂಗೊ, ಶಾಲ್ಟೋಕಾನ್, ಟೆಸ್ಕೊಕೊ, ಸೊಚಿಮಿಲ್ಕೊ, ಚಾಲ್ಕೊ ಎಂಬ ಸರೋವರಗಳಾಗಿತ್ತು. ಎಲ್ಲಕ್ಕಿಂತ ತಗ್ಗಿನಲ್ಲಿದ್ದ ಟೆಸ್ಕೊಕೊಗೆ ಉಳಿದವುಗಳ ನೀರು ಬಂದು ಸೇರಿ ಆವಿಯಾಗುತ್ತಿದ್ದುದರಿಂದ ಅದು ಉಪ್ಪಾಯಿತು. ಬುಗ್ಗೆಗಳಿಂದ ತುಂಬುತ್ತಿದ್ದ ದಕ್ಷಿಣದ ಸೊಚಿಮಿಲ್ಕೊ ಮತ್ತು ಚಾಲ್ಕೊ ಸಿಹಿಯಾಗಿಯೇ ಉಳಿದವು.

ಈ ವ್ಯತ್ಯಾಸವನ್ನು ಅರಿತು ಬಾಳಿದವರು 1325ರಲ್ಲಿ ಟೆನೊಚ್ಟಿಟ್ಲಾನ್ ನಗರವನ್ನು ನೆಲೆಗೊಳಿಸಿದ ಮೆಶಿಕಾ ಜನ. 15ನೇ ಶತಮಾನದ ನಡುವಿನಲ್ಲಿ ಟೆಸ್ಕೊಕೊದ ಅರಸ ನೆಸಹುವಲ್‌ಕೊಯೊಟ್ಲನ ಮಾರ್ಗದರ್ಶನದಲ್ಲಿ ಕಟ್ಟಿದ ಉದ್ದನೆಯ ಒಡ್ಡು ಪ್ರವಾಹವನ್ನು ತಡೆದದ್ದಷ್ಟೇ ಅಲ್ಲ, ಉಪ್ಪುನೀರು ನಗರದ ಕಡೆಗೆ ಬಂದು ಸಿಹಿನೀರಿನೊಂದಿಗೆ ಬೆರೆಯದಂತೆಯೂ ಕಾಯುತ್ತಿತ್ತು. ನೀರಿನ ಪ್ರಮಾಣ ಮತ್ತು ಗುಣ ಎರಡನ್ನೂ ಒಂದೇ ರಚನೆಯಿಂದ ನಿಭಾಯಿಸಿದ ಆ ವಿವೇಕವನ್ನು ಈ ಕಣಿವೆ ಮುಂದಿನ ಐದು ಶತಮಾನಗಳಲ್ಲಿ ಮತ್ತೆ ಕಂಡಿಲ್ಲ.

1521ರ ಸ್ಪ್ಯಾನಿಷ್ ವಿಜಯದ ನಂತರ ಸರೋವರವನ್ನು ಶತ್ರುವೆಂದೇ ಕಾಣಲಾಯಿತು. 1629ರಲ್ಲಿ ಬಂದ ನೆರೆ ವರ್ಷಗಟ್ಟಲೆ ಇಳಿಯಲಿಲ್ಲ. ನೀರನ್ನು ಬೆಟ್ಟ ಕೊರೆದು ಹೊರಹಾಕುವ ಕೆಲಸ 1607ರಲ್ಲೇ ಆರಂಭವಾಗಿತ್ತು. 1900ರಲ್ಲಿ ಅಧ್ಯಕ್ಷ ಪೊರ್ಫಿರಿಯೊ ದಿಯಾಸ್ ಉದ್ಘಾಟಿಸಿದ ದೊಡ್ಡ ಕಾಲುವೆ, 1975ರಲ್ಲಿ ಬಳಕೆಗೆ ಬಂದ ಆಳದ ಒಳಚರಂಡಿ, 2019ರಲ್ಲಿ ಮುಗಿದ 62 ಕಿಲೋಮೀಟರ್ ಉದ್ದದ ಪೂರ್ವ ಸುರಂಗ, ಇವೆಲ್ಲ ಅದೇ ಧೋರಣೆಯ ಮುಂದುವರಿಕೆ. ಮಳೆನೀರೂ ಕೊಳಚೆಯೂ ಒಂದೇ ಕೊಳವೆಯಲ್ಲಿ ಬೆರೆತು ಕಣಿವೆಯಿಂದಾಚೆ ಹೋಗುತ್ತವೆ. ಹೀಗಾಗಿ ಇಂಗಬಹುದಾಗಿದ್ದ ನೀರು ಮೊದಲು ಮಲಿನವಾಗುತ್ತದೆ, ಆಮೇಲೆ ಹೊರಹೋಗುತ್ತದೆ.

ಕುಸಿತವನ್ನು ಓದಿದವರು

ಸರೋವರದ ಜೇಡಿಯ ಕೆಳಗಿರುವ ಮರಳು, ಗರಸು ಮತ್ತು ಜ್ವಾಲಾಮುಖಿ ಶಿಲೆಗಳ ಪದರವೇ ಇಲ್ಲಿನ ಮುಖ್ಯ ಜಲಧರ, ಅಂದರೆ ಅಂತರ್ಜಲವನ್ನು ಹಿಡಿದಿಟ್ಟುಕೊಳ್ಳುವ ಪದರ. 19ನೇ ಶತಮಾನದ ಮಧ್ಯದಲ್ಲಿ ಮೊದಲ ಕೊಳವೆಬಾವಿಗಳನ್ನು ಕೊರೆದಾಗ ನೀರನ್ನು ಎತ್ತುವ ಯಂತ್ರವೇ ಬೇಕಿರಲಿಲ್ಲ. ಒಳಗಿನ ಒತ್ತಡಕ್ಕೆ ನೀರು ತಾನಾಗಿ ಮೇಲೆ ಚಿಮ್ಮುತ್ತಿತ್ತು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನೀರಿನ ಒತ್ತಡ ಕೆಳಗಿನಿಂದ ಮೇಲಕ್ಕೆ ಇದ್ದಷ್ಟು ಕಾಲ ನೆಲದ ಮೇಲಿನ ಕೊಳಕು ಜೇಡಿಯನ್ನು ದಾಟಿ ಕೆಳಗಿಳಿಯುವ ಪ್ರಶ್ನೆಯೇ ಇರಲಿಲ್ಲ.

ನಗರ ತಗ್ಗುತ್ತಿದೆ ಎಂಬುದನ್ನು 1925ರಲ್ಲಿ ಎಂಜಿನಿಯರ್ ರೊಬೆರ್ಟೊ ಗಾಯೊಲ್ ಅಳತೆಗಳ ಆಧಾರದಿಂದ ತೋರಿಸಿದರು. ಅವರು ಅದಕ್ಕೆ ನೀರು ಹೊರಹಾಕುವ ಕಾಮಗಾರಿಗಳನ್ನು ಕಾರಣವೆಂದು ಬಗೆದರು. ಕೊಳವೆಬಾವಿಗಳಿಂದ ನೀರೆತ್ತುವುದರಿಂದ ಜೇಡಿಯೊಳಗಿನ ನೀರಿನ ಒತ್ತಡ ಇಳಿದು, ಮೇಲಿನ ಭಾರಕ್ಕೆ ಜೇಡಿ ಒತ್ತಿಹೋಗುತ್ತಿದೆ ಎಂಬ ನಿಜವಾದ ವಿವರಣೆಯನ್ನು 1940ರ ದಶಕದ ಕೊನೆಯಲ್ಲಿ ಕೊಟ್ಟವರು ಎಂಜಿನಿಯರ್ ನಬೊರ್ ಕರ್ರಿಯೊ. 1950ರ ದಶಕದ ಆರಂಭದ ಹೊತ್ತಿಗೆ ನಗರದ ನಡುಭಾಗ ಕೆಲವೆಡೆ ವರ್ಷಕ್ಕೆ 30 ಸೆಂಟಿಮೀಟರಿಗೂ ಹೆಚ್ಚು ಕುಸಿಯುತ್ತಿತ್ತು. ಸರ್ಕಾರ ಕಣಿವೆಯಲ್ಲಿ ಹೊಸ ಬಾವಿಗಳಿಗೆ ನಿರ್ಬಂಧ ಹೇರಿತು, ನಡುಭಾಗದ ಬಾವಿಗಳನ್ನು ಮುಚ್ಚಿಸಿತು, ಅಲ್ಲಿ ಕುಸಿತ ನಿಧಾನವಾಯಿತು. ಆದರೆ ಬೇಡಿಕೆ ನಿಲ್ಲಲಿಲ್ಲ. ಬಾವಿಗಳು ದಕ್ಷಿಣದ ಸೊಚಿಮಿಲ್ಕೊ, ಆಗ್ನೇಯದ ಚಾಲ್ಕೊ ಮತ್ತು ಉತ್ತರದ ಕಡೆಗೆ ಸ್ಥಳಾಂತರವಾದವು. ಕುಸಿತವೂ ಅವುಗಳ ಬೆನ್ನು ಹಿಡಿದು ಹೋಯಿತು.

ಒಟ್ಟು ಕುಸಿತ ಹಳೆಯ ನಗರದ ಕೆಲವೆಡೆ 9 ಮೀಟರ್ ದಾಟಿದೆ. 1910ರಲ್ಲಿ ನಿಲ್ಲಿಸಿದ ಸ್ವಾತಂತ್ರ್ಯ ಸ್ತಂಭದ ಅಡಿಪಾಯ ಆಳಕ್ಕಿಳಿದಿದ್ದರಿಂದ ಅದು ನಿಂತಲ್ಲೇ ನಿಂತಿತು, ಸುತ್ತಲಿನ ಬೀದಿ ಇಳಿಯಿತು. ಅದರ ಬುಡವನ್ನು ತಲುಪಲು ಕಾಲಕಾಲಕ್ಕೆ 14 ಮೆಟ್ಟಿಲುಗಳನ್ನು ಸೇರಿಸಬೇಕಾಯಿತು. ನನ್ನ ಮಟ್ಟಿಗೆ ಆ ಮೆಟ್ಟಿಲುಗಳಿಗಿಂತ ಹೆಚ್ಚು ಹೇಳುವುದು ಹಳೆಯ ಬಾವಿಗಳ ಉಕ್ಕಿನ ಕೇಸಿಂಗ್ ಕೊಳವೆಗಳು. ಒಂದು ಕಾಲಕ್ಕೆ ನೆಲದ ಮಟ್ಟಕ್ಕಿದ್ದ ಅವುಗಳ ಬಾಯಿ, ಕೆಳತುದಿ ಗಟ್ಟಿ ಪದರದಲ್ಲಿ ಊರಿಕೊಂಡಿದ್ದರಿಂದ, ಸುತ್ತಲಿನ ನೆಲ ಇಳಿದಂತೆಲ್ಲ ಮೇಲೆದ್ದು ನಿಂತಿತು. ನೆಲ ಎಷ್ಟು ಇಳಿಯಿತೆಂಬುದಕ್ಕೆ ಅದನ್ನು ಇಳಿಸಿದ ಸಾಧನವೇ ಅಳತೆಗೋಲಾಯಿತು.

115 ವರ್ಷಗಳ ನೆಲದ ಅಳತೆಗಳನ್ನೂ 24 ವರ್ಷಗಳ ಉಪಗ್ರಹ ರೇಡಾರ್ ದತ್ತಾಂಶವನ್ನೂ ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಸಂಶೋಧನೆಯು, ಈಶಾನ್ಯದ ಕೆಲವು ಭಾಗಗಳು ಈಗಲೂ ವರ್ಷಕ್ಕೆ 50 ಸೆಂಟಿಮೀಟರಿನವರೆಗೆ ಕುಸಿಯುತ್ತಿವೆಯೆಂದೂ, ಈ ಕುಗ್ಗುವಿಕೆ ಬಹುಮಟ್ಟಿಗೆ ಶಾಶ್ವತವೆಂದೂ ತೋರಿಸಿತು. ನಾಳೆಯೇ ಎಲ್ಲ ಬಾವಿಗಳನ್ನು ನಿಲ್ಲಿಸಿ ನೀರು ತುಂಬಿಸಿದರೂ ಜೇಡಿ ತಾನು ಕಳೆದುಕೊಂಡ ಎತ್ತರವನ್ನೂ ನೀರು ಹಿಡಿಯುವ ಶಕ್ತಿಯನ್ನೂ ಮರಳಿ ಪಡೆಯುವುದಿಲ್ಲ.

ಮುಚ್ಚಳ ಬಿರಿಯುವ ಬಗೆ

ಇಲ್ಲಿಂದ ಮುಂದಿನದೇ ಪ್ರಕರಣದ ತಿರುಳು. ಜಲಧರದ ಒತ್ತಡ ಇಳಿದಾಗ ನೀರಿನ ಚಲನೆಯ ದಿಕ್ಕೇ ತಲೆಕೆಳಗಾಯಿತು. ಮೇಲಕ್ಕೆ ಒತ್ತುತ್ತಿದ್ದ ನೀರು ಕೆಳಕ್ಕೆ ಜಿನುಗತೊಡಗಿತು. ಸ್ಪಂಜನ್ನು ಹಿಂಡಿದಂತೆ ಜೇಡಿ ಒತ್ತಿಹೋದಾಗ ಅದರೊಳಗೆ ಶತಮಾನಗಳಿಂದ ನಿಂತಿದ್ದ ಲವಣ, ಅಮೋನಿಯ ಮತ್ತು ಸಾವಯವ ಪದಾರ್ಥಗಳಿಂದ ಕೂಡಿದ ನೀರು ಕೆಳಗಿನ ಒಳ್ಳೆಯ ನೀರಿಗೆ ಇಳಿಯುತ್ತದೆ. ಟೆಸ್ಕೊಕೊದ ತಳದಲ್ಲಿ ಈ ನೀರು ಎಷ್ಟು ಕ್ಷಾರವಾಗಿದೆಯೆಂದರೆ, ಒಂದು ಕಾಲದಲ್ಲಿ ಅದನ್ನು ಸುರುಳಿಯಾಕಾರದ ದೊಡ್ಡ ಕೊಳದಲ್ಲಿ ಆವಿಯಾಗಿಸಿ ಸೋಡಾ ತೆಗೆಯುವ ಉದ್ಯಮವೇ ನಡೆಯುತ್ತಿತ್ತು. ಇದು ಹೊರಗಿನಿಂದ ಬಂದ ಮಾಲಿನ್ಯವಲ್ಲ. ನೆಲದೊಳಗೆ ತನ್ನಷ್ಟಕ್ಕೆ ಇದ್ದದ್ದನ್ನು ಮನುಷ್ಯನ ಪಂಪು ಎಳೆದು ತಂದ ಮಾಲಿನ್ಯ. ಕೊಳಚೆ, ಕಾರ್ಖಾನೆ, ಗೊಬ್ಬರ ಎಂಬ ಪರಿಚಿತ ಪಟ್ಟಿಯಲ್ಲಿ ಇದು ಸೇರುವುದೇ ಇಲ್ಲವಾದ್ದರಿಂದ ಇದರ ಬಗ್ಗೆ ಮಾತೂ ಕಡಿಮೆ.

ಬಿರುಕುಗಳದು ಇನ್ನೊಂದು ಬಗೆ. ಜೇಡಿ ಎಲ್ಲೆಡೆ ಒಂದೇ ದಪ್ಪವಿಲ್ಲ. ನಡುಭಾಗದಲ್ಲಿ ಹತ್ತಾರು ಮೀಟರ್ ಇದ್ದರೆ, ಚಾಲ್ಕೊದಲ್ಲಿ ಸರೋವರದ ಹೂಳು ಸುಮಾರು 300 ಮೀಟರ್‌ವರೆಗೆ ಇದೆ. ಸೆರ್ರೊ ದೆ ಲಾ ಎಸ್ತ್ರೆಯಾ, ಸಾಂತಾ ಕತರಿನಾ ಮುಂತಾದ ಜ್ವಾಲಾಮುಖಿ ಗುಡ್ಡಗಳ ಬುಡದಲ್ಲಿ ಅದು ಇದ್ದಕ್ಕಿದ್ದಂತೆ ತೆಳ್ಳಗಾಗಿ ಮುಗಿದುಹೋಗುತ್ತದೆ. ದಪ್ಪವಿರುವ ಕಡೆ ನೆಲ ಹೆಚ್ಚು ಇಳಿಯುತ್ತದೆ, ಬಂಡೆಯ ಮೇಲಿನ ನೆಲ ಇಳಿಯುವುದಿಲ್ಲ. ಎರಡೂ ಸೇರುವ ಅಂಚಿನಲ್ಲಿ ನೆಲ ಸೀಳುತ್ತದೆ. ಇಸ್ತಪಲಾಪ ಭಾಗದ ಬೀದಿಗಳಲ್ಲಿ ಈ ಸೀಳು ಡಾಂಬರಿನ ಮೇಲೆ ಮೆಟ್ಟಿಲಿನಂತೆ ಕಾಣಿಸಿಕೊಳ್ಳುತ್ತದೆ, ಗೋಡೆಗಳನ್ನು ಓರೆಯಾಗಿ ಕತ್ತರಿಸುತ್ತದೆ, ಕುಡಿಯುವ ನೀರಿನ ಕೊಳವೆಯನ್ನೂ ಒಳಚರಂಡಿಯನ್ನೂ ಒಂದೇ ಜಾಗದಲ್ಲಿ ಮುರಿಯುತ್ತದೆ. ಜೇಡಿ ಇಡಿಯಾಗಿದ್ದರೆ ಒಂದು ಹನಿ ಅದನ್ನು ದಾಟಲು ಬಹಳ ದೀರ್ಘ ಕಾಲ ಬೇಕು. ಬಿರುಕಿನಲ್ಲಿ ಆ ತಡೆಯಿಲ್ಲ.

ಇದರ ಫಲವನ್ನು ಉಣ್ಣುವವರು ಸುಮಾರು 18 ಲಕ್ಷ ಜನರಿರುವ ಇಸ್ತಪಲಾಪದ ನಿವಾಸಿಗಳು. ಅಲ್ಲಿನ ಹಲವು ಬಾವಿಗಳ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಮತ್ತು ಅಮೋನಿಯದ ಅಂಶ ಹೆಚ್ಚು, ಕೆಲವೆಡೆ ಆರ್ಸೆನಿಕ್ ಕೂಡ ಇದೆ. ನಲ್ಲಿಯಿಂದ ತಿಳಿಯಾಗಿ ಬಂದ ನೀರು ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಗಾಳಿ ತಾಗಿ ಕಬ್ಬಿಣ ಹಳದಿಗಟ್ಟುತ್ತದೆ, ಮ್ಯಾಂಗನೀಸ್ ಕಪ್ಪು ಕಸರಾಗಿ ತಳಕ್ಕಿಳಿಯುತ್ತದೆ, ಒಗೆದ ಬಿಳಿ ಬಟ್ಟೆಗೆ ಕಲೆ ಹತ್ತುತ್ತದೆ. ಕಣ್ಣಿಗೆ ಕಾಣದ ಅಪಾಯ ಅಮೋನಿಯದ್ದು. ಕ್ರಿಮಿನಾಶಕ್ಕೆಂದು ಹಾಕಿದ ಕ್ಲೋರಿನ್ನನ್ನು ಅದು ಮೊದಲೇ ಬಳಸಿಕೊಂಡುಬಿಡುತ್ತದೆ, ಆದ್ದರಿಂದ ಮಾಮೂಲಿ ಪ್ರಮಾಣದ ಕ್ಲೋರಿನ್ ಬೆರೆಸಿದರೂ ನೀರು ಸುರಕ್ಷಿತವಾಗಿದೆ ಎನ್ನಲಾಗದು. ಅದರ ಮೇಲೆ, ಇಲ್ಲಿ ನೀರು ಸರದಿಯಂತೆ ಬರುತ್ತದೆ. ಕೊಳವೆ ಖಾಲಿಯಿರುವ ಹೊತ್ತಿನಲ್ಲಿ ಒಳಗಿನ ಒತ್ತಡ ಬಿದ್ದು, ಒಡಕಿನ ಮೂಲಕ ಸುತ್ತಲಿನ ಕೊಳಕು ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಜನ ಟ್ಯಾಂಕರಿಗೆ ಕಾಯುತ್ತಾರೆ, ಕುಡಿಯಲು ಬಾಟಲಿ ನೀರು ಕೊಳ್ಳುತ್ತಾರೆ. ತಲಾ ಬಾಟಲಿ ನೀರಿನ ಬಳಕೆಯಲ್ಲಿ ಮೆಕ್ಸಿಕೋ ಜಗತ್ತಿನ ಮುಂಚೂಣಿಯ ದೇಶಗಳಲ್ಲಿರುವುದನ್ನು ಅಭಿರುಚಿಯ ಪ್ರಶ್ನೆ ಎಂದು ನೋಡುವುದು ಈ ಜನರಿಗೆ ಮಾಡುವ ಅನ್ಯಾಯ. ಹೆಚ್ಚು ಬಡವರಿರುವ ಕಡೆ ಹೆಚ್ಚು ದುಡ್ಡು ತೆತ್ತು ನೀರು ಕುಡಿಯಬೇಕಾಗಿ ಬಂದಿದೆ.

ಮೇಲಿನ ನೀರು ಕೆಟ್ಟಾಗ ಇನ್ನೂ ಆಳಕ್ಕೆ ಕೊರೆಯೋಣ ಎಂಬ ಯೋಚನೆ ಸಹಜ. ಇಸ್ತಪಲಾಪದ ಸಾನ್ ಲೊರೆನ್ಸೊ ಟೆಸೊಂಕೊದಲ್ಲಿ 2,008 ಮೀಟರ್ ಆಳದ ಬಾವಿ ಕೊರೆದು, ಅಲ್ಲಿಯೂ ನೀರಿದೆಯೆಂದು 2013ರಲ್ಲಿ ಪ್ರಕಟಿಸಲಾಯಿತು. ಆದರೆ ಆಳ ಹೆಚ್ಚಿದಂತೆ ನೀರು ಬಿಸಿಯಾಗುತ್ತದೆ, ಶಿಲೆಯೊಡನೆ ಬಹುಕಾಲ ಇದ್ದುದರಿಂದ ಅದರಲ್ಲಿ ಖನಿಜಾಂಶ ಹೆಚ್ಚುತ್ತದೆ, ಎತ್ತುವ ವಿದ್ಯುತ್ತಿನ ಖರ್ಚೂ ಏರುತ್ತದೆ. ಮರುಪೂರಣಕ್ಕೆ ಶತಮಾನಗಳೇ ಬೇಕಾದ ನೀರನ್ನು ದಿನಬಳಕೆಗೆ ತೆಗೆಯುವುದನ್ನು ಪರಿಹಾರವೆಂದು ಒಪ್ಪಲು ನನಗೆ ಮನಸ್ಸಿಲ್ಲ.

ಮುಚ್ಚಳವೇ ಇಲ್ಲದ ಕಡೆ

ಜೇಡಿಯ ಹೊದಿಕೆ ಇಲ್ಲದ ದಕ್ಷಿಣದ ಗುಡ್ಡಗಳೇ ಜಲಧರದ ನಿಜವಾದ ಬಾಯಿ. ಚಿಚಿನಾವ್‌ಟ್ಸಿನ್ ಶ್ರೇಣಿಯ ಬಸಾಲ್ಟ್ ಶಿಲೆ ತೂತು, ಸೀಳುಗಳಿಂದ ತುಂಬಿದೆ. ಕಣಿವೆಯಲ್ಲಿ ಅತಿ ಹೆಚ್ಚು ಮಳೆ ಬೀಳುವುದೂ ಈ ದಕ್ಷಿಣ ಮತ್ತು ನೈಋತ್ಯದ ಇಳಿಜಾರಿನಲ್ಲೇ. ಮಳೆ ಬಿದ್ದರೆ ಅಲ್ಲಿ ಹಳ್ಳಗಳು ಹರಿಯುವುದು ಕಡಿಮೆ, ನೀರು ಬಹುಪಾಲು ಬಂಡೆಯೊಳಕ್ಕೆ ಇಳಿದುಹೋಗುತ್ತದೆ. ಮೆಕ್ಸಿಕೋ ನಗರದ ಆಡಳಿತ ವ್ಯಾಪ್ತಿಯ ಅರ್ಧಕ್ಕಿಂತ ಹೆಚ್ಚು ನೆಲವನ್ನು ಕಾನೂನು ‘ಸಂರಕ್ಷಿತ ನೆಲ’ವೆಂದು ಗುರುತಿಸಿರುವುದು ಮುಖ್ಯವಾಗಿ ಇಂತಹ ಪ್ರದೇಶಗಳನ್ನು ಉಳಿಸಿಕೊಳ್ಳಲೆಂದೇ.

ನಗರದೊಳಗೆ ಬಾಡಿಗೆ ಕಟ್ಟಲಾಗದ ಕುಟುಂಬಗಳು ಈ ಇಳಿಜಾರುಗಳಲ್ಲಿ ಮನೆ ಕಟ್ಟಿಕೊಳ್ಳುತ್ತ ಬಂದಿವೆ. ಬಂಡೆಯನ್ನು ಅಗೆದು ಚರಂಡಿ ಹಾಕುವುದು ದುಬಾರಿ, ಆದ್ದರಿಂದ ಶೌಚದ ನೀರು ಗುಂಡಿಗೋ ನೇರವಾಗಿ ಬಂಡೆಯ ಸೀಳಿಗೋ ಹೋಗುತ್ತದೆ. ದಪ್ಪ ಮಣ್ಣಿನಲ್ಲಿ ಇಳಿಯುವ ನೀರನ್ನು ಮಣ್ಣು ಸೋಸುತ್ತದೆ. ಬಸಾಲ್ಟಿನ ಸೀಳಿನಲ್ಲಿ ಆ ಸೋಸುವಿಕೆಯಿಲ್ಲ. ಹೀಗೆ ಕಾಡು ಕಡಿಮೆಯಾಗಿ ಇಂಗುವ ನೀರು ತಗ್ಗುವುದೂ, ಇಂಗುವ ನೀರಿನಲ್ಲಿ ಹೊಲಸು ಬೆರೆಯುವುದೂ ಒಂದೇ ಮನೆಯ ಅಂಗಳದಲ್ಲಿ ನಡೆಯುತ್ತದೆ. ಆ ಕುಟುಂಬಗಳನ್ನು ಅತಿಕ್ರಮಣಕಾರರೆಂದು ಕರೆದು ಸುಮ್ಮನಾಗುವುದರಿಂದ ಒಂದು ಹನಿ ನೀರೂ ಶುದ್ಧವಾಗದು. ವಸತಿ ನೀತಿಯನ್ನು ಹೊರಗಿಟ್ಟು ಈ ಕಣಿವೆಯ ನೀರಿನ ಬಗ್ಗೆ ಮಾತಾಡುವ ಯೋಜನೆಗಳು ಅರ್ಧಕ್ಕೇ ನಿಲ್ಲುತ್ತವೆ.

ಕಸದ ರಾಶಿಗಳ ಸಂಗತಿಯನ್ನೂ ಇಲ್ಲಿ ಹೇಳಬೇಕು. ನಗರದ ಬೃಹತ್ ಕಸದ ಹೊಂಡ ಬೊರ್ದೊ ಪೊನಿಯೆಂತೆ 2011ರ ಡಿಸೆಂಬರಿನಲ್ಲಿ ಮುಚ್ಚುವವರೆಗೂ ಟೆಸ್ಕೊಕೊದ ಒಣಗಿದ ತಳದ ಮೇಲೆಯೇ ಬೆಳೆಯಿತು. ಅದರ ಭಾರಕ್ಕೆ ಕೆಳಗಿನ ಜೇಡಿ ಇನ್ನಷ್ಟು ಒತ್ತಿಹೋಯಿತು.

ಹೊರಗಿನಿಂದ ತಂದ ನೀರು, ಹೊರಕ್ಕೆ ಕಳಿಸಿದ ಕೊಳಚೆ

ರಾಷ್ಟ್ರೀಯ ಜಲ ಆಯೋಗದ ಲೆಕ್ಕದಂತೆ ಮೆಕ್ಸಿಕೋ ನಗರ ವಲಯದ ಜಲಧರಕ್ಕೆ ವರ್ಷಕ್ಕೆ ಮರುಪೂರಣವಾಗುವುದು ಸುಮಾರು 51 ಕೋಟಿ ಘನ ಮೀಟರ್, ತೆಗೆಯುವುದು ಅದರ ಸುಮಾರು ಎರಡರಷ್ಟು. ಈ ಕೊರತೆಯನ್ನು ತುಂಬಿಸಲು ನೆರೆಯ ಜಲಾನಯನಗಳಿಗೆ ಕೈಚಾಚಲಾಯಿತು. 1951ರಲ್ಲಿ ಲೆರ್ಮಾ ಕಣಿವೆಯ ನೀರು ಬಂತು, ಅಲ್ಲಿನ ಬುಗ್ಗೆಗಳು ಬತ್ತಿದವು, ಜೌಗು ಸರೋವರಗಳು ಕುಗ್ಗಿದವು. 1982ರಿಂದ ಕುತ್ಸಮಾಲಾ ಯೋಜನೆ ನೀರನ್ನು 1,000 ಮೀಟರಿಗೂ ಹೆಚ್ಚು ಎತ್ತರಕ್ಕೆ ಪಂಪು ಮಾಡಿ ತರುತ್ತಿದೆ. ತಮ್ಮ ನೆಲದ ನೀರು ತಮ್ಮ ಕಣ್ಣೆದುರೇ ನಗರಕ್ಕೆ ಹೋಗುತ್ತಿದ್ದರೂ ಮನೆಯಲ್ಲಿ ನಲ್ಲಿಯಿಲ್ಲದ ಮಸಾವಾ ಸಮುದಾಯದ ಮಹಿಳೆಯರು 2004ರಲ್ಲಿ ಸಂಘಟಿತರಾಗಿ ಬೀದಿಗಿಳಿದರು. 2024ರ ಬರದಲ್ಲಿ ಈ ಯೋಜನೆಯ ಜಲಾಶಯಗಳ ಸಂಗ್ರಹ ಶೇ 30ಕ್ಕಿಂತ ಕೆಳಗಿಳಿಯಿತು. ಇಷ್ಟು ಕಷ್ಟಪಟ್ಟು ತಂದ ನೀರಿನಲ್ಲಿ ಸುಮಾರು ಶೇ 40ರಷ್ಟು, ಕುಸಿಯುವ ನೆಲದಲ್ಲಿ ಒಡೆಯುತ್ತಲೇ ಇರುವ ಕೊಳವೆಗಳಿಂದ ಸೋರಿಹೋಗುತ್ತದೆ.

ಕಣಿವೆಯ ಕೊಳಚೆ ಹೋಗಿ ಸೇರುವುದು ಉತ್ತರಕ್ಕೆ ಇದಾಲ್ಗೊ ರಾಜ್ಯದ ಮೆಸ್ಕಿತಾಲ್ ಕಣಿವೆಗೆ. ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಅಲ್ಲಿನ ರೈತರು ಅದರಿಂದ ಹೊಲ ತೋಯಿಸಿ ಮೆಕ್ಕೆಜೋಳ ಮತ್ತು ಕುದುರೆಮಸಾಲೆ ಸೊಪ್ಪು ಬೆಳೆಯುತ್ತಿದ್ದಾರೆ. ನೀರಾವರಿಯ ವಿಸ್ತೀರ್ಣ 80,000 ಹೆಕ್ಟೇರಿನ ಆಸುಪಾಸಿನಲ್ಲಿದೆ. ಆ ಒಣ ಕಣಿವೆಯಲ್ಲಿ ಇಂಗಿದ ಕೊಳಚೆಯಿಂದಲೇ ಅಂತರ್ಜಲ ಏರಿತು, ಮೊದಲಿಲ್ಲದ ಬುಗ್ಗೆಗಳು ಹುಟ್ಟಿದವು, ಆ ನೀರನ್ನೇ ಊರುಗಳು ಕುಡಿಯಲು ಬಳಸತೊಡಗಿದವು. ಸೆಕೆಂಡಿಗೆ ಸರಾಸರಿ 35 ಘನ ಮೀಟರ್ ಕೊಳಚೆಯನ್ನು ಶುದ್ಧೀಕರಿಸಬಲ್ಲ ಅಟೊಟೊನಿಲ್ಕೊ ಘಟಕ ಬಂದಾಗ, ಹುಳುವಿನ ಸೋಂಕು ಮತ್ತು ಅತಿಸಾರದ ಅಪಾಯ ತಗ್ಗುವುದನ್ನು ಬಯಸಿದ ರೈತರೇ ಗೊಬ್ಬರದ ಸತ್ತ್ವ ಕಳೆದುಹೋದೀತೆಂದು ಆತಂಕಪಟ್ಟರು. ಅವರ ಆತಂಕ ಬಾಲಿಶವಲ್ಲ. ನಗರ ಬೇಡವೆಂದು ಎಸೆದದ್ದರ ಮೇಲೆ ಇನ್ನೊಂದು ಕಣಿವೆಯ ಬದುಕೇ ಕಟ್ಟಿಕೊಂಡಿತ್ತು.

ಸೊಚಿಮಿಲ್ಕೊದ ಕಾಲುವೆಗಳಲ್ಲಿ ಈ ಹೊರಗಿನ ಮತ್ತು ಒಳಗಿನ ಕಥೆಗಳು ಒಂದಾಗುತ್ತವೆ. 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಸಿಹಿ ಬುಗ್ಗೆಗಳನ್ನು ಹಿಡಿದು ನಗರಕ್ಕೆ ಒಯ್ಯಲಾಯಿತು. ಕಾಲುವೆಗಳು ಬತ್ತತೊಡಗಿದಾಗ ನಗರದ ಸಂಸ್ಕರಿಸಿದ ಕೊಳಚೆಯನ್ನು ಅವುಗಳಿಗೆ ಬಿಡಲಾಯಿತು. ಕೊಟ್ಟದ್ದು ಬುಗ್ಗೆಯ ನೀರು, ಮರಳಿ ಬಂದದ್ದು ಕೊಳಚೆಯ ನೀರು. ಚಿನಾಂಪ ಎಂಬ ಆ ಜಲಾವೃತ ಹೊಲಗಳನ್ನು ಯುನೆಸ್ಕೋ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ನೆಲ ಒಂದೇ ಸಮನಾಗಿ ಕುಸಿಯದ್ದರಿಂದ ಕೆಲವು ಹೊಲಗಳು ಮುಳುಗಿ, ಇನ್ನು ಕೆಲವು ನೀರಿನಿಂದ ಮೇಲುಳಿದು, ಮಣ್ಣಿನಲ್ಲಿ ಲವಣ ಸೇರುತ್ತಿದೆ. ಈ ನೀರಿನ ಗುಣವನ್ನು ಅಲ್ಲಿಯದೇ ಜೀವಿಯಾದ ಆಶೊಲೊಟ್ಲ್ ಯಾವ ಉಪಕರಣಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ. ಕಿವಿರುಗಳು ಗರಿಯಂತೆ ತಲೆಯ ಹೊರಗೇ ಇರುವ, ತೆಳು ಚರ್ಮದ ಮೂಲಕವೂ ಉಸಿರಾಡುವ ಈ ಉಭಯಚರಿಗೆ ನೀರಿನ ಕೊಳಕಿನಿಂದ ಮರೆಯಾಗಲು ಜಾಗವೇ ಇಲ್ಲ. 1998ರ ಗಣತಿಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದದ್ದು 2008ರಲ್ಲಿ 100ಕ್ಕೆ, 2014ರಲ್ಲಿ 36ಕ್ಕೆ ಇಳಿಯಿತು. ಕೊಳಕು ನೀರಿನ ಜೊತೆಗೆ, ಹೊರಗಿನಿಂದ ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯ ಮೀನುಗಳೂ ಇದಕ್ಕೆ ಕಾರಣ.

ಈಗ ನಡೆದಿರುವುದು

ಸಣ್ಣ ಬದಲಾವಣೆಗಳು ಇಲ್ಲದಿಲ್ಲ. 2019ರಿಂದ ನಗರಾಡಳಿತ ನೀರಿನ ಕೊರತೆಯಿರುವ ಬಡಾವಣೆಗಳ ಮನೆಗಳಿಗೆ ಮಳೆನೀರು ಹಿಡಿಯುವ ತೊಟ್ಟಿಗಳನ್ನು ಒದಗಿಸುತ್ತಿದೆ. ಟೆಸ್ಕೊಕೊದ ತಳದಲ್ಲಿ ಕಟ್ಟುತ್ತಿದ್ದ ವಿಮಾನ ನಿಲ್ದಾಣದ ಯೋಜನೆ 2018ರಲ್ಲಿ ರದ್ದಾಗಿ, 2022ರ ಮಾರ್ಚಿನಲ್ಲಿ ಸುಮಾರು 14,000 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತವೆಂದು ಘೋಷಿಸಲಾಯಿತು. ಸಂಸ್ಕರಿಸಿದ ಕೊಳಚೆಯನ್ನು ಜಲಧರಕ್ಕೆ ಇಂಗಿಸುವ ಪ್ರಸ್ತಾಪವೂ ಇದೆ. ಆದರೆ ಸೋಸದ ಬಸಾಲ್ಟಿನ ಮೂಲಕ ಅರೆಬರೆ ಶುದ್ಧವಾದ ನೀರನ್ನು ಇಳಿಸಿದರೆ ಪ್ರಮಾಣ ಕೂಡುತ್ತದೆ, ಗುಣ ಕೆಡುತ್ತದೆ. ಸಂಸ್ಕರಣೆಯ ಮಟ್ಟ ಏರದೆ ಆ ದಾರಿಗೆ ಇಳಿಯಬಾರದು.

ಚಾಲ್ಕೊದ ಬಯಲಿನಲ್ಲಿ ಯಾರೂ ಯೋಜಿಸದ ಇನ್ನೊಂದು ಬದಲಾವಣೆ ನಡೆದಿದೆ. 1980ರ ದಶಕದಲ್ಲಿ ಮಿಶ್‌ಕ್ವಿಕ್ ಮತ್ತು ಸಾಂತಾ ಕತರಿನಾದ ನಡುವೆ 14 ಬಾವಿಗಳ ಸಾಲನ್ನು ಕೊರೆದು ಪಂಪು ಮಾಡತೊಡಗಿದ ಮೇಲೆ ಬಯಲಿನ ನಡುಭಾಗ ವರ್ಷಕ್ಕೆ 40 ಸೆಂಟಿಮೀಟರಿನಂತೆ ಕುಸಿದು ತಗ್ಗಾಯಿತು. ಬರಿದು ಮಾಡಿ ಹೊಲವಾಗಿಸಿದ್ದ ಹಳೆಯ ಸರೋವರದ ಜಾಗದಲ್ಲಿ ಮಳೆನೀರೂ ಸುತ್ತಲಿನ ಬಡಾವಣೆಗಳ ಕೊಳಚೆಯೂ ನಿಂತು ತ್ಲಾವಾಕ್-ಶಿಕೊ ಎಂಬ ಹೊಸ ಸರೋವರವಾಗಿದೆ. ಅದರ ಅಂಚಿನಲ್ಲಿ ಮೊಣಕಾಲುದ್ದದ ನೀರಿನೊಳಗಿನ ನೆಲಕ್ಕೆ ಇನ್ನೂ ಹಕ್ಕುಪತ್ರ ಹಿಡಿದ ರೈತರಿದ್ದಾರೆ. ನಡುವೆ ವಲಸೆ ಹಕ್ಕಿಗಳು ಇಳಿಯುತ್ತವೆ. ಸರೋವರವನ್ನು ಆಳಮಾಡಿ, ಬರುವ ನೀರನ್ನು ಶುದ್ಧೀಕರಿಸಿ ನಗರಕ್ಕೆ ಬಳಸಬಹುದೆಂದು, ಹಾಗೆ ಮಾಡಿದರೆ ಪಕ್ಕದ ಬಾವಿಗಳ ಪಂಪನ್ನು ತಗ್ಗಿಸಬಹುದೆಂದು ಸಂಶೋಧಕರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಅದುವರೆಗೆ ಆ ನೀರಿನಡಿಯ ಜೇಡಿ ಇಳಿಯುತ್ತಲೇ ಇರುತ್ತದೆ, ಸರೋವರ ವರ್ಷ ವರ್ಷವೂ ಹೊಲಗಳ ಕಡೆಗೆ ಹರಡುತ್ತಲೇ ಇರುತ್ತದೆ.